ಸಾಲಿ ಎಂಬ ಬೈಗುಳ

ಗುಲ್ನಾಜಳ ಸಿಟ್ಟು ನಮ್ಮ ಆಫೀಸಿಗೆ ಹೊಸದೇನಲ್ಲ. ಕೇಶ್ವಾಪುರದಲ್ಲಿರುವ ನಮ್ಮ ಶಿಕ್ಷಣ ಟ್ರಸ್ಟಿನ ಮೇಲ್ ಸರ್ವರ್ ನೋಡಿಕೊಳ್ಳುವವಳು ಅವಳೇ. ಯಾರಾದರೂ ಹೂವಿನ ಚಿತ್ರ ಹಾಕಿ ಶುಭೋದಯದ ಮೇಲ್ ಕಳಿಸಿ ಜಾಗ ತುಂಬಿಸಿದರೆ, ಅವರ ಮೇಜಿನ ತನಕ ನಡೆದು ಬಂದು ಬೈಯುತ್ತಾಳೆ. ನಾನೂ ಬೈಸಿಕೊಂಡಿದ್ದೇನೆ. ಆದರೆ ಈ ಸಲ ಅವಳ ಸಿಟ್ಟಿಗೆ ನನ್ನದೂ ಸೇರಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಾರ್ಯದರ್ಶಿ ಶಿವಯೋಗೀಶರಿಗೆ ಯಾರೋ ಹೊಲಸು ಹಿಂದಿ ಬೈಗುಳಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮೇಲ್ ಮಾಡತೊಡಗಿದ್ದರು. ಅಂಥದ್ದು ಒಳಗೇ ಬರಬಾರದೆಂದು ಅವರ ಹುಕುಂ.

"ಬ್ಯಾರೆ ಕಡೆ ಒಂದು ಪ್ರತಿ ಇಡೂಣ್ರಿ ಸರ್, ತಪ್ಪಿ ಛಲೋ ಮೇಲೂ ಹೋಗಬಹುದು," ಎಂದಳು ಗುಲ್ನಾಜ.

"ಕಸಾ ಯಾಕ ಕೂಡಿಡ್ತಿ? ಒಗದ ಬಿಡು," ಎಂದರು ಅವರು.

ಸರಿ, ಇವು ಕಂಡ ಮೇಲ್ ಒಗೆಯಬೇಕೆಂದು ಬೈಗುಳಗಳನ್ನು ಒಂದೊಂದಾಗಿ ಸರ್ವರ್‌ಗೆ ಹೇಳಿಕೊಟ್ಟಳು. ಅವಳ ಮನೆಮಾತು ಉರ್ದು. ಅದರಲ್ಲಿ ಸಾಲಿ ಎಂದರೆ ಹೆಂಡತಿಯ ತಂಗಿ. ಬೀದಿಯಲ್ಲಿ ಅದೇ ಬೈಗುಳ. ಅದನ್ನೂ ಸೇರಿಸಿದಳು. ನಮ್ಮ ಕಡೆಯ ಕನ್ನಡದಲ್ಲಿ ಶಾಲೆಗೂ ಸಾಲಿ ಎಂದೇ ಹೆಸರು; ದಿನವಿಡೀ ಸಾಲಿ ಸಾಲಿ ಎನ್ನುವ ಅದೇ ಬಾಯಿಗೆ ಆಗ ಶಾಲೆಯ ನೆನಪೇ ಬರಲಿಲ್ಲ. ನಮಗ್ಯಾರಿಗೂ ಬರಲಿಲ್ಲ.

ಶಿರಗುಪ್ಪಿಯಲ್ಲಿರುವ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ಶಾಂಭವಿ ಅಕ್ಕೋರು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುವವರು. ಫೋನ್ ಮಾಡಿದರೆ 'ಮೇಲ್ ಹಾಕ್ರಿ' ಎನ್ನುವುದು ಕಾರ್ಯದರ್ಶಿಗಳ ಪದ್ಧತಿ. ಪಾಪ, ಹಾಕಿದರು. 'ಸಾಲಿ ಛತ್ತ ಬೀಳಾಕತ್ತೈತಿ, ಲಗೂನ ಯಾರನ್ನರ ಕಳಸ್ರಿ.' ಇಡೀ ಮಳೆಗಾಲ ಮೇಲ್ ಮೇಲೆ ಮೇಲ್. ಸರ್ವರ್ ಅಷ್ಟನ್ನೂ ಸದ್ದಿಲ್ಲದೆ ಒಗೆಯಿತು. ಕೊನೆಗೆ ಛಾವಣಿಯ ಗಾರೆ ಕಳಚಿ ಬಿದ್ದು ಜೋಯಾ ಎಂಬ ಪುಟ್ಟ ಹುಡುಗಿಯ ತಲೆ ಒಡೆಯಿತು. ಅಕ್ಕೋರು ಆಫೀಸಿಗೇ ಬಂದು ಕೂಗಾಡಿದಾಗಲೇ ನಮಗೆ ಗೊತ್ತಾದದ್ದು.

ಗುಲ್ನಾಜ ಸರ್ವರ್‌ನ ದಾಖಲೆ ಪಟ್ಟಿಯಲ್ಲಿ ಹುಡುಕಿದಳು. ಒಗೆದ ಒಂದೊಂದು ಮೇಲ್‌ನ ಎದುರಿಗೂ ಒಂದೇ ಕಾರಣ: ಸಾಲಿ. ಸೀದಾ ಕಾರ್ಯದರ್ಶಿಗಳ ಕೋಣೆಗೆ ನುಗ್ಗಿದಳು. ಅವರೋ, "ಇನ್ನ ಮ್ಯಾಲೆ ಇಂಗ್ಲಿಷಿನ್ಯಾಗ ಬರಿಯಂತ ಹೇಳು ಅವರಿಗೆ," ಎಂದರು. ಧಾರವಾಡದಲ್ಲಿ ಹುಟ್ಟಿ, ಅಲ್ಲೇ ಸಾಲಿ ಕಲಿತ ಮನುಷ್ಯ! ನನಗೆ ಮೈಯೆಲ್ಲ ಉರಿಯಿತು.

"ತಪ್ಪು ನಂದೂ ಐತ್ರಿ," ಎಂದಳು ಗುಲ್ನಾಜ. "ಆದರ ಒಗಿ ಅಂದವರು ನೀವು. ಒಂದು ಪ್ರತಿ ಇಟ್ಟಿದ್ರ ಆ ಕೂಸಿನ ತಲಿ ಉಳೀತಿತ್ತು."

ಅವರು ಫೋನ್ ಎತ್ತಿಕೊಂಡು ಯಾರೊಂದಿಗೋ ಮಾತಾಡತೊಡಗಿದರು.

ಛತ್ತು ರಿಪೇರಿಯಾಯಿತು. ಗಾಯ ಮಾಯ್ದರೂ ಜೋಯಾ ಮಾತ್ರ ಶಾಲೆಗೆ ಬರಲಿಲ್ಲ. ಕರೆಯಲು ಗುಲ್ನಾಜ ಶಿರಗುಪ್ಪಿಗೆ ಹೋದಾಗ ನಾನೂ ಜೊತೆಗಿದ್ದೆ. ಹುಡುಗಿಯ ಅಜ್ಜಿ ಗುಲ್ಜಾರಬಿ ಬಾಗಿಲಿಗೆ ಅಡ್ಡ ನಿಂತಳು, ಒಳಗೆ ಕರೆಯಲಿಲ್ಲ. ನನಗೂ ತಿಳಿಯಲೆಂದು ಕನ್ನಡದಲ್ಲೇ ಕೇಳಿದಳು.

"ಅಕ್ಕೋರು ಬರದಿದ್ದು ನೀವು ಓದಿದ್ರೇನು?"

"ಇಲ್ಲಮ್ಮಾ, ಓದಲಿಲ್ಲ," ಎಂದಳು ಗುಲ್ನಾಜ.

"ಓದದವ್ರು ಸಾಲಿ ಯಾಕ ನಡಸ್ತೀರಿ?"