ಹಸಿರು ಬಟ್ಟೆ ಮುಗಿದ ಮೇಲೆ ಅಂತರಿಕ್ಷ

ಬೆಳಗಿನ ಐದೂಕಾಲು. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಐವರು ಹೆಂಗಸರು ಉದ್ದದ ಮೇಜಿನ ಸುತ್ತ ನಿಂತು ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ಮಡಚುತ್ತಿದ್ದಾರೆ. ಯಾರ ಬಾಯಿಂದಲೂ ಮಾತಿಲ್ಲ. ಮೇಜಿನ ತುದಿಯಲ್ಲಿ ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟು, ಅದರ ಮೇಲೆ ರಟ್ಟು ಕಿತ್ತುಬಂದ ದಪ್ಪ ಪುಸ್ತಕ. ಮುಖಪುಟದಲ್ಲಿ ಉರಿಯುತ್ತಿರುವ ಗ್ರಹ, ಅದರತ್ತ ಧಾವಿಸುವ ಹಡಗು. ಐವರೂ ಆಗಾಗ ಅದರ ಕಡೆ ಕಳ್ಳನೋಟ ಬೀರುತ್ತಾರೆ. ಕೊನೆಯ ಬಟ್ಟೆ ಕಟ್ಟಿಗೆ ಸೇರಿದ್ದೇ ತಡ, ಐವತ್ತೊಂಬತ್ತರ ಹೆಂಗಸೊಬ್ಬರು ಸೆರಗಿನಲ್ಲಿ ಕೈ ಒರೆಸಿ, ಪುಸ್ತಕ ಎತ್ತಿಕೊಂಡು ಕ್ರೇಟು ಹತ್ತಿ ನಿಲ್ಲುತ್ತಾರೆ.

"ಎಲ್ಲಿಗೆ ನಿಲ್ಸಿದ್ದೆ?"

"ಹಡಗಿನ ಬಾಗಿಲು ತೆರೀತಾ ಇಲ್ಲ, ಅಡುಗೆಯವನು ಹೊರಗೇ ಇದಾನೆ. ಬೇಗ ಓದಕ್ಕಾ, ಪಾಪ ಅವನಿಗೆ ಗಾಳಿ ಮುಗೀತಿದೆ!"

ಓದುವವರನ್ನು ಇಲ್ಲಿ ಎಲ್ಲರೂ ಕರೆಯುವುದು ರೇಡಿಯೊ ಎಂದು. ಅವಸರ ಮಾಡಿದಾಕೆ ಗಿಣಿ. ಸುಮ್ಮನಿರುವುದು ಅವಳ ಜಾಯಮಾನದಲ್ಲೇ ಇಲ್ಲ. ರೇಡಿಯೊ ಓದುವಷ್ಟು ಹೊತ್ತು ಅವರ ಪಾಲಿನ ಬೆಡ್‌ಶೀಟುಗಳನ್ನು ಉಳಿದ ನಾಲ್ವರು ಹಂಚಿಕೊಂಡು ಮಡಚುತ್ತಾರೆ. ಎಂಟು ತಿಂಗಳಿಂದ ನಡೆದುಬಂದ ಕರಾರು ಇದು. ಇನ್ನೊಂದು ನಿಯಮವೂ ಇದೆ: ಮುಂದಿನ ಕಥೆಯನ್ನು ಮೊದಲೇ ತಿಳಿದುಕೊಂಡು ಬಂದು ಬಾಯಿಬಿಟ್ಟವರು ಒಂದು ವಾರ ಡ್ರೈಯರಿನ ಜಾಲರಿಗೆ ಅಂಟಿದ ನೂಲಿನ ಜುಂಗು ತೆಗೆಯಬೇಕು. ಗಿಣಿ ಮೂರು ಸಲ ತೆಗೆದಿದ್ದಾಳೆ.

ರೇಡಿಯೊ ಓದಿರುವುದು ಏಳನೇ ಕ್ಲಾಸು. ಅವರ ಗಂಡ ಸಿನಿಮಾ ಮಂದಿರದಲ್ಲಿ ಗೇಟ್‌ಕೀಪರ್ ಆಗಿದ್ದರು. ಇವರು ದಿನಾ ಊಟದ ಡಬ್ಬಿ ಒಯ್ಯುವ ಹೊತ್ತಿಗೆ ಮ್ಯಾಟಿನಿ ಮುಗಿಯಲು ಇಪ್ಪತ್ತು ನಿಮಿಷ ಬಾಕಿ ಇರುತ್ತಿತ್ತು. ಹಿಂದಿನ ಬಾಗಿಲಿನ ಪರದೆ ಸರಿಸಿ, ನಿಂತೇ ನೋಡುತ್ತಿದ್ದರು. ಆ ಅಂತರಿಕ್ಷ ಹಡಗಿನ ಸರಣಿಯ ಐದೂ ಸಿನಿಮಾಗಳ ಕೊನೆಯ ಇಪ್ಪತ್ತು ನಿಮಿಷ ಅವರಿಗೆ ಬಾಯಿಪಾಠ. ಶುರು ಮಾತ್ರ ಒಂದರದ್ದೂ ಗೊತ್ತಿರಲಿಲ್ಲ.

"ಎಲ್ಲರೂ ಅಳ್ತಾ ತಬ್ಕೊಳೋರು, ಹಡಗು ಸುಡೋದು. ಯಾಕೆ ಅಳ್ತಾರೆ, ಯಾರು ಸುಟ್ರು, ಒಂದೂ ತಿಳೀತಿರ್ಲಿಲ್ಲ. ಮನೇಲಿ ಯಜಮಾನ್ರ ತಲೆ ತಿಂತಿದ್ದೆ. ಸಿನಿಮಾ ಮಂದಿರ ಮುಚ್ಚಿದ ದಿನ ಇವರು ಹಳೇ ಪುಸ್ತಕದಂಗಡೀಲಿ ಮೊದಲನೇ ಕಾದಂಬರಿ ತಂದು ಕೈಗಿಟ್ಟು, 'ತಗೋ ಮಾರಾಯ್ತಿ, ಶುರುವಿಂದ ಓದ್ಕೋ, ನನ್ನ ಬಿಟ್ಬಿಡು' ಅಂದ್ರು."

ಸಿನಿಮಾ ಐದೇ, ಅವನ್ನು ಆಧರಿಸಿದ ಕಾದಂಬರಿಗಳು ಹದಿನಾಲ್ಕು. ಈಗ ನಡೆಯುತ್ತಿರುವುದು ಎಂಟನೆಯದು. ಪ್ರತಿ ಸಂಜೆ ರೇಡಿಯೊ ಮರುದಿನದ ಪುಟಗಳನ್ನು ಗಂಡನ ಮುಂದೆ ಒಮ್ಮೆ ಜೋರಾಗಿ ಓದಿಕೊಳ್ಳುತ್ತಾರೆ. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತ ಅವರು, "ಸಿನಿಮಾದಲ್ಲಿ ಹಂಗಿರ್ಲಿಲ್ಲ ಕಣೇ" ಎಂದು ಅಡ್ಡ ಬರುತ್ತಾರೆ. "ಸಿನಿಮಾದಲ್ಲಿ ಅಡುಗೆಯವನು ಎರಡು ನಿಮಿಷಕ್ಕೇ ಸತ್ತ, ಅವನ ಮುಖಾನೇ ತೋರಿಸಲಿಲ್ಲ. ಪುಸ್ತಕದಲ್ಲಿ ನೂರೈವತ್ತು ಪುಟ ಆದ್ರೂ ಬದುಕಿದಾನೆ. ನೀವು ಸುಮ್ನೆ ಕೇಳಿ" ಎನ್ನುತ್ತಾರೆ ಇವರು.

ಇಂದಿನ ಮೌನಕ್ಕೆ ಕಾರಣವೂ ಆ ಅಡುಗೆಯವನೇ.

ರೋಗಿಗೆ ಹೊದಿಸುವ ಹಸಿರು ಬಟ್ಟೆಯ ನಡುವೆ ಶಸ್ತ್ರಚಿಕಿತ್ಸೆಗೆಂದು ಬಿಟ್ಟ ಒಂದು ಕಿಂಡಿ ಇರುತ್ತದೆ. ಒಂದು ಮೂಲೆಯಲ್ಲಿ ಬಿಳಿ ಪಟ್ಟಿ ಹೊಲಿದಿರುತ್ತಾರೆ. ಮಡಚಿದಾಗ ಆ ಪಟ್ಟಿ ಮೇಲೇ ಕಾಣಬೇಕು. ಅದನ್ನು ಹಿಡಿದು ಒಮ್ಮೆ ಎಳೆದರೆ ಕಿಂಡಿ ನೇರ ಜಾಗಕ್ಕೆ ಬಂದು ಕೂರಬೇಕು. ತಿಂಗಳ ಹಿಂದೆ, ಅಡುಗೆಯವನು ಹಡಗಿನಿಂದ ಹೊರಗೆ ಬಿದ್ದ ಪುಟ ಓದುತ್ತಿದ್ದಾಗ, ಇಪ್ಪತ್ತೆರಡು ಬಟ್ಟೆಗಳ ಪಟ್ಟಿ ಒಳಗೆ ಸೇರಿಹೋಯಿತು. ಥಿಯೇಟರಿನಲ್ಲಿ ನರ್ಸ್ ಎಳೆದರೆ ಎಲ್ಲ ಅಡ್ಡಾದಿಡ್ಡಿ. ಬೇರೆ ಕಟ್ಟು ತರಿಸುವ ತನಕ, ಟೇಬಲ್ ಮೇಲೆ ಮಲಗಿದ್ದ ರೋಗಿ ಹತ್ತು ನಿಮಿಷ ಕಾಯಬೇಕಾಯಿತು. ಅನಾಹುತವೇನೂ ಆಗಲಿಲ್ಲ. ಆದರೆ ಮೇಲ್ವಿಚಾರಕರು ಕೆಳಗಿಳಿದು ಬಂದು ಪುಸ್ತಕ ಕಿತ್ತುಕೊಂಡರು.

ಮರುದಿನ ಅವರ ಕೊಠಡಿಗೆ ಹೋದವರು ರೇಡಿಯೊ ಒಬ್ಬರೇ. "ನೀವು ಬೈದಿದ್ದು ಸರಿ ಸಾರ್, ಅಂದೆ. ಮಲಗಿದೋರಿಗೆ ಹತ್ತು ನಿಮಿಷ ಅಂದ್ರೆ ಒಂದು ಯುಗ. ಆದ್ರೆ ತಪ್ಪು ಪುಸ್ತಕದ್ದಲ್ಲ, ನಾವು ಅದನ್ನ ತೆರೆದ ಹೊತ್ತಿಂದು. ಹಸಿರು ಮುಗಿಯೋ ತನಕ ಯಾರೂ ತುಟಿ ಎರಡು ಮಾಡಲ್ಲ. ಒಂದು ತಿಂಗಳು ನೋಡಿ. ಒಂದೇ ಒಂದು ಕಟ್ಟು ವಾಪಸ್ ಬಂದ್ರೂ ನಾನೇ ಪುಸ್ತಕ ತಂದು ನಿಮ್ಮ ಮೇಜಿನ ಮೇಲಿಡ್ತೀನಿ."

ಅವರು ಪುಸ್ತಕ ಹಿಂದಿರುಗಿಸಿದರು. ಆ ತಿಂಗಳಿಗೆ ಇಂದು ಕೊನೆಯ ದಿನ. ಮೊದಲು ದಿನಕ್ಕೆ ಹನ್ನೆರಡು ಪುಟ ಸಾಗುತ್ತಿದ್ದ ಓದು ಈಗ ಆರಕ್ಕೆ ಇಳಿದಿದೆ. ರೇಡಿಯೊ ನಿವೃತ್ತರಾಗಲು ಒಂದು ವರ್ಷ, ಓದಲು ಆರು ಕಾದಂಬರಿ ಮತ್ತು ಚೂರು. "ದಿನಾ ಆರು ಪುಟ ತಪ್ಪದೆ ಓದಿದ್ರೆ ಮುಗಿಯುತ್ತೆ. ಜ್ವರ ಬರೋ ಹಾಗಿಲ್ಲ ಅಷ್ಟೆ."

ಹನ್ನೆರಡು ಗಂಟೆಗೆ ಲಿಫ್ಟ್ ಸದ್ದು ಮಾಡುತ್ತದೆ. ಮಡಿಕೆ ತಪ್ಪಿ ಥಿಯೇಟರಿನಿಂದ ವಾಪಸಾದ ಕಟ್ಟುಗಳನ್ನು ತರುವ ಬುಟ್ಟಿಯನ್ನು ಇವತ್ತು ಮೇಲ್ವಿಚಾರಕರೇ ತಳ್ಳಿಕೊಂಡು ಬರುತ್ತಿದ್ದಾರೆ. ಗಿಣಿ ಬುಟ್ಟಿಯೊಳಗೆ ಇಣುಕಲು ತುದಿಗಾಲಲ್ಲಿ ನಿಲ್ಲುತ್ತಾಳೆ. ಅವರು ಬುಟ್ಟಿಯನ್ನು ಮೇಜಿನ ಬಳಿ ನಿಲ್ಲಿಸಿ, ಒಳಗೆ ಕಾಣುವಂತೆ ಓರೆ ಮಾಡುತ್ತಾರೆ. ತಳದಲ್ಲಿ ಒಂದು ನೂಲಿನೆಳೆ ಬಿಟ್ಟರೆ ಏನೂ ಇಲ್ಲ.

"ಸರಿ, ಓದ್ಕೊಳ್ಳಿ," ಎಂದ ಅವರು ಹೊರಡುವುದಿಲ್ಲ. ಕೆಮ್ಮುತ್ತಾರೆ. "ಆ ಅಡುಗೆಯವನು ಒಳಗೆ ಬಂದ್ನಾ?"

"ಸಾರ್ ಪುಸ್ತಕ ಕಿತ್ಕೊಂಡು ಹೋಗಿ ಓದಿದಾರೆ ಕಣ್ರೇ!" ಗಿಣಿ ಚಪ್ಪಾಳೆ ತಟ್ಟುತ್ತಾಳೆ. "ಅಕ್ಕಾ, ಕ್ರೇಟು ಹತ್ತು! ಗೆದ್ವಲ್ಲ, ಇವತ್ತು ಇಪ್ಪತ್ತು ಪುಟ ಆಗ್ಲಿ!"

ರೇಡಿಯೊ ಪುಸ್ತಕ ಕೈಗೆತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಡ್ರೈಯರ್ ನಿಲ್ಲುತ್ತದೆ. ಬಾಗಿಲಿನ ಗಾಜಿನ ಹಿಂದೆ ಎರಡನೇ ಕಂತಿನ ಹಸಿರು ಬಟ್ಟೆ. ಅವರು ಪುಸ್ತಕವನ್ನು ಮತ್ತೆ ಕ್ರೇಟಿನ ಮೇಲಿಟ್ಟು, ಮೇಲ್ವಿಚಾರಕರಿಗೆ ಪಕ್ಕದ ಸ್ಟೂಲು ತೋರಿಸುತ್ತಾರೆ.

"ಕೂತ್ಕೊಳ್ಳಿ ಸಾರ್. ಹದಿನೆಂಟು ಬಟ್ಟೆ ಇದೆ. ಅಲ್ಲೀತನಕ ನೀವೂ ಮಾತಾಡೋ ಹಾಗಿಲ್ಲ."