ಬಸಲಿಂಗವ್ವನ ಇಪ್ಪತ್ನಾಲ್ಕು ತಾಸು

ಬೆಳಗಿನ ಆರು ಗಂಟೆ. ನವೆಂಬರಿನ ಕತ್ತಲೆ ಇನ್ನೂ ಕಿಟಕಿಗೆ ಅಂಟಿಕೊಂಡಿದೆ. ವಾಯವ್ಯ ಲಂಡನ್ನಿನ ಆಸ್ಪತ್ರೆಯೊಂದರ ಮೂರನೇ ಮಹಡಿಯಲ್ಲಿ ಬಸಲಿಂಗವ್ವ ಮಾಪ್ ಹಿಂಡುತ್ತಿದ್ದಾರೆ. ಹಿಂಡುವುದು, ಒರೆಸುವುದು, ತಿರುಗಿ ಗೋಡೆಯ ಗಡಿಯಾರ ನೋಡುವುದು. ಇಪ್ಪತ್ತೆಂಟು ಮಂಚ, ನಾಲ್ಕು ಬಚ್ಚಲು. ಹತ್ತು ಗಂಟೆಯೊಳಗೆ ಎಲ್ಲವೂ ಒಣಗಿರಬೇಕು. "ಒಣಗೂ ತನಕ ನಿಂತು ಕಾಯಬೇಕ್ರಿ. ಮುದುಕರು ಜಾರಿ ಬಿದ್ರ ಯಾರ ಹೆಸರಿಗೆ?" ಎನ್ನುತ್ತಾರೆ. ಆದರೆ ಇಂದು ನಿಂತಲ್ಲಿ ನಿಲ್ಲಲು ಕಾಲು ಒಪ್ಪುತ್ತಿಲ್ಲ. ಸಂಜೆಯೊಳಗೆ ಸೂಪರ್‌ವೈಸರನಿಗೆ ಉತ್ತರ ಹೇಳಬೇಕು.

ವಿಜಯಪುರ ಕಡೆಯಿಂದ ಬಂದು ಹದಿನಾರು ವರ್ಷವಾಯಿತು. ಮನೆ ರೇನರ್ಸ್ ಲೇನ್‌ನಲ್ಲಿ, ಊರಿನ ಕೌನ್ಸಿಲ್ ಬಾಡಿಗೆಗೆ ಕೊಟ್ಟ ಎರಡು ಕೋಣೆಯ ಫ್ಲ್ಯಾಟು. ಗಂಡ ಪರಪ್ಪ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವರು. ಈ ಏಪ್ರಿಲ್‌ನಲ್ಲಿ ಅದು ಮುಚ್ಚಿತು. ಬಸವ ಜಯಂತಿಯ ಮರುದಿನ ಅವರು ಸರಕಾರದ ಜಾಬ್ ಸೆಂಟರಿನಲ್ಲಿ ನಿರುದ್ಯೋಗಿ ಎಂದು ಮೊದಲ ಸಹಿ ಹಾಕಿದರು. ದುಡಿದಾಗ ಕಟ್ಟಿದ ವಿಮೆಯ ಲೆಕ್ಕದಲ್ಲಿ ನಿರುದ್ಯೋಗ ಭತ್ಯೆ ಆರು ತಿಂಗಳು, ಆಮೇಲೆ ಬಂದ್.

ಆ ಆರು ತಿಂಗಳನ್ನು ಬಸಲಿಂಗವ್ವ ಗೋಡೆಯ ಪಂಚಾಂಗದ ಮೇಲೆ ಎಣಿಸಿದರು. ವೈಶಾಖದಿಂದ ಆಶ್ವೀಜ, ದೀಪಾವಳಿ ಅಮಾವಾಸ್ಯೆಗೆ ಸರಿಯಾಗಿ ಆರು. ಆದರೆ ಈ ವರ್ಷ ಅಧಿಕ ಆಶ್ವೀಜ ನಡುವೆ ತೂರಿಕೊಂಡಿತ್ತು. "ಅಧಿಕ ಮಾಸ ನಾವು ಲೆಕ್ಕಕ್ಕ ಹಿಡಿಯೂದಿಲ್ಲಲ್ರಿ!" ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. ದೀಪಾವಳಿ ಇನ್ನೂ ದೂರವಿರುವಾಗಲೇ, ಅಕ್ಟೋಬರಿನ ಕೊನೆಯ ವಾರ ಭತ್ಯೆ ನಿಂತಿತು. ಕಾಲೇಜಿಗೆ ಹೋಗುವ ಮಗಳು ಸೌಂದರ್ಯಾ ಕಾಗದ ಓದಿ, "ಮಮ್, ಇಟ್ಸ್ ಟ್ವೆಂಟಿ ಸಿಕ್ಸ್ ವೀಕ್ಸ್. ನಾಟ್ ದೀಪಾವಳಿ!" ಎಂದಳಂತೆ.

ಪರಪ್ಪನಿಗೆ ಅಂದಿನಿಂದ ಒಂದು ಚಾಳಿ ಹತ್ತಿದೆ. "ಅಧಿಕ ಮಾಸದಾಗ ಅಳಿಯಗ ದಾನಾ ಕೊಡೂದು ಪದ್ಧತಿ. ಇಲ್ಲಿ ಸರಕಾರಕ್ಕ ನಾ ಅಳಿಯ ಅಂತ ಗೊತ್ತಾಗಲಿಲ್ಲ ನೋಡ್ರಿ," ಎಂದು ಬಂದವರಿಗೆಲ್ಲ ಹೇಳುತ್ತಾರೆ. ನಗು ಮುಗಿಯುವ ಮೊದಲೇ ಎದ್ದು ಕಿಟಕಿಗೆ ಹೋಗಿ ನಿಲ್ಲುತ್ತಾರೆ. ಐವತ್ತೆರಡರ ವಯಸ್ಸಿಗೆ ನಲವತ್ತೊಂದು ಅರ್ಜಿ ಹಾಕಿದ್ದಾರೆ, ಸಂದರ್ಶನಕ್ಕೆ ಕರೆದವರು ಇಬ್ಬರೇ.

ಜಾಬ್ ಸೆಂಟರಿನ ಹುಡುಗಿ ಇನ್ನೊಂದು ದಾರಿ ತೋರಿಸಿದ್ದಾಳೆ. ಹೆಂಡತಿಯ ದುಡಿಮೆ ವಾರಕ್ಕೆ ಇಪ್ಪತ್ನಾಲ್ಕು ತಾಸಿನೊಳಗೇ ಇದ್ದರೆ, ಆಕೆಯ ಸಂಬಳ ಕಳೆದು, ಮನೆಯ ಸ್ಥಿತಿ ನೋಡಿ, ಪುಡಿಗಾಸು ಸಿಗಬಹುದು. ಆ ಗೆರೆ ದಾಟಿದರೆ ಪರಪ್ಪನಿಗೆ ಏನೂ ಇಲ್ಲ. ಬಸಲಿಂಗವ್ವ ಈಗ ದುಡಿಯುವುದು ಇಪ್ಪತ್ತು ತಾಸು. ಸೂಪರ್‌ವೈಸರ್ ಕೊಡುತ್ತೇನೆಂದಿರುವುದು ಮೂವತ್ತೈದು. ಬೇಡವೆಂದರೆ ಸೋಮವಾರ ಬೇರೆಯವರ ಪಾಲು.

"ಇದ್ದ ತಾಸಿನಾಗ ಇರು, ನನ್ನ ಹೆಸರಿಗೂ ನಾಕು ದುಡ್ಡು ಬರಲಿ," ಎಂದು ಗಂಡ ವಾರವಿಡೀ ಗೊಣಗಿದ್ದಾರೆ.

"ಅವ್ರ ಸಂಕಟ ನನಗ ತಿಳೀತೈತ್ರಿ. ಹೆಂಡತಿ ಗಳಿಕಿ ಉಣ್ಣೂದಂದ್ರ ಗಂಟಲಾಗ ಇಳಿಯಂಗಿಲ್ಲ," ಎನ್ನುತ್ತಾ ಬಸಲಿಂಗವ್ವ ಬಕೆಟ್ಟಿನ ನೀರು ಬದಲಿಸುತ್ತಾರೆ. "ಆದ್ರ ದುಡಿಯಾಕ ಬರೂ ಕೈ ಕಟ್ಕೊಂಡು ಕುಂಡ್ರು ಅಂದ್ರ, ನಾ ಹ್ಯಾಂಗ ಕುಂಡ್ರಲಿ?"

ಹತ್ತು ಗಂಟೆಗೆ ನೆಲ ಒಣಗಿದೆ. ಏಪ್ರನ್ ಕಳಚದೆಯೇ ಅವರು ಕೆಳಗೆ ಸೂಪರ್‌ವೈಸರನ ಕಚೇರಿಗೆ ಇಳಿಯುತ್ತಾರೆ. ಹೊರಬಂದಾಗ ಬೆರಳಲ್ಲಿ ಶಾಯಿಯ ಕಲೆ.

"ಸಂಬಳ ಎಷ್ಟು ಅಂತ ಕೇಳಲಿಲ್ರಿ. ಇದರ ಕೊನೀ ತಾರೀಖು ಯಾವತ್ತು ಅಂತ ಕೇಳಿದೆ. ಅವ ನಕ್ಕ. ಇದಕ್ಕ ಕೊನೀ ತಾರೀಖು ಇಲ್ಲ, ಪರ್ಮನೆಂಟು ಅಂದ. ಸಹಿ ಹಾಕಿದೆ." ಬಸ್ ನಿಲ್ದಾಣದತ್ತ ಬಿರುಸಾಗಿ ಹೆಜ್ಜೆ ಹಾಕುತ್ತಲೇ ಹೇಳುತ್ತಾರೆ: "ಇವತ್ತು ಮನ್ಯಾಗ ಬೈತಾರ, ಬೈಲಿ. ಅವ್ರಿಗೂ ಇಂಥಾದ್ದೊಂದು ಕಾಗದ ಸಿಗಬೇಕ್ರಿ, ಅಷ್ಟ."