ಅರ್ಧ ಸ್ವರ ಮೇಲೆ

ಗ್ಲೆನಿಸ್ ಪ್ಯೂ ಇಪ್ಪತ್ತೊಂದು ವರ್ಷ ಕಾರ್ಡಿಫಿನ ಒಂದು ಸ್ಟುಡಿಯೋದಲ್ಲಿ ಟೇಪು ಯಂತ್ರ ನೋಡಿಕೊಂಡಿದ್ದಳು. ಹಾಡುವವರು ಬರುವ ಮೊದಲು ಯಂತ್ರ ಒರೆಸಬೇಕು, ಅದರ ವೇಗ ಪರೀಕ್ಷಿಸಬೇಕು. ಹೊಗಳಿಕೆ ಸಿಗುವ ಕೆಲಸವಲ್ಲ. ತಪ್ಪಿದರೆ ಮಾತ್ರ ಹೆಸರು ಹಿಡಿದು ಕೂಗುತ್ತಿದ್ದರು. ಒಮ್ಮೆಯೂ ಕೂಗಿಸಿಕೊಳ್ಳದೆ ನಿವೃತ್ತಳಾದಳು.

ತಪ್ಪಿದ್ದು ಮಾತ್ರ ಒಮ್ಮೆ. ಆಲಿನ್ ಟ್ರಹಾರ್ನ್ ತನ್ನ ರಾಕ್ ತಂಡ ಬಿಟ್ಟು, ತಾನೇ ಬರೆದ ಹಾಡುಗಳನ್ನು ಒಬ್ಬನೇ ಪಿಯಾನೊ ಮುಂದೆ ಕೂತು ಹಾಡಿದ ದಿನ ಅವಳು ವೇಗ ನೋಡಲು ಮರೆತಳು. ಯಂತ್ರ ನಿಧಾನವಾಗಿ ಓಡಿತು. ಆ ಟೇಪನ್ನು ಬೇರೆ ಯಂತ್ರಕ್ಕೆ ಹಾಕಿದರೆ ಹಾಡು ಸುಮಾರು ಅರ್ಧ ಸ್ವರ ಮೇಲೇರಿ ಕೇಳುತ್ತಿತ್ತು. ಇದನ್ನು ಕಂಡುಹಿಡಿದವನು ರೆಕಾರ್ಡಿನ ಅಚ್ಚು ಕೊರೆಯುವ ಎಮ್ರಿಸ್. ಟೇಪನ್ನು ಅಷ್ಟೇ ನಿಧಾನಗೊಳಿಸಿ, ಪಿಯಾನೊ ಶ್ರುತಿಗೆ ಹೊಂದಿಸಿ ಕೊರೆದ. ಟೇಪಿನ ಡಬ್ಬಿಯ ಮೇಲೆ ಏನೂ ಬರೆಯಲಿಲ್ಲ.

"ಬರೆದ್ರೆ ನಾಳೆಯಿಂದ ನಿನಗೆ ಕೆಲ್ಸ ಇರಲ್ಲ, ಮಗಳೇ. ಬಾಯಿ ಮುಚ್ಕೊಂಡಿರು" ಎಂದ. ಅವನೂ ಮುಚ್ಚಿಕೊಂಡೇ ಸತ್ತ.

ಐವತ್ತು ವರ್ಷದ ಮೇಲೆ ಅದೇ ಆಲ್ಬಮ್ ಮತ್ತೆ ವಿನೈಲ್ ರೆಕಾರ್ಡಾಗಿ ಹೊರಡಲು ಸಿದ್ಧವಾಯಿತು. ಮೂಲ ಟೇಪಿನಿಂದ ನೇರವಾಗಿ ಕೊರೆದದ್ದು ಎಂಬುದೇ ಕಂಪನಿಯ ಹೆಮ್ಮೆ. ಹೊದಿಕೆಯ ಮೇಲೆ ಗ್ಲೆನಿಸಳ ಹೆಸರು ಮೊದಲ ಬಾರಿಗೆ ಅಚ್ಚಾಗಿತ್ತು. ಆಲಿನ್ ತೀರಿಕೊಂಡು ಒಂಬತ್ತು ವರ್ಷವಾಗಿದ್ದರಿಂದ ಒಪ್ಪಿಗೆಯ ಮಾದರಿ ರೆಕಾರ್ಡು ಅವನ ಹೆಂಡತಿ ಐರ್ವೆನ್‌ಗೆ ಬಂತು. ಕೇಳೋಣ ಬಾ ಎಂದು ಅವಳು ಅದೇ ಬೀದಿಯಲ್ಲಿದ್ದ ಗ್ಲೆನಿಸಳನ್ನು ಚಹಾಕ್ಕೆ ಕರೆದಳು.

ಮೊದಲ ಸಾಲು ಮುಗಿಯುವ ಮೊದಲೇ ಗ್ಲೆನಿಸ್‌ಗೆ ತಿಳಿಯಿತು: ಈ ಸಲ ಟೇಪನ್ನು ಯಾರೂ ನಿಧಾನಗೊಳಿಸಿರಲಿಲ್ಲ.

"ಕೇಳಿದ್ಯೇನೇ?" ಐರ್ವೆನ್ ಮುಖ ಅರಳಿತ್ತು. "ಮದ್ವೆಗೆ ಮುಂಚೆ ಹೀಗೇ ಇತ್ತು ಅವನ ದನಿ. ಹಳೇ ರೆಕಾರ್ಡಲ್ಲಿ ಮುದುಕನ ಥರ ಕೇಳ್ತಿತ್ತು."

"ಅದು ಅವನ ದನಿ ಅಲ್ಲ, ಐರ್ವೆನ್. ನನ್ನ ತಪ್ಪು." ನಡೆದದ್ದನ್ನೆಲ್ಲ ಹೇಳಿದಳು.

ಐರ್ವೆನ್ ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಲಿಲ್ಲ. ಹಾಡು ಓಡುತ್ತಲೇ ಇತ್ತು.

"ಐವತ್ತು ವರ್ಷ ನುಂಗ್ಕೊಂಡಿದ್ದೆ. ಇನ್ನೊಂದು ಹತ್ತು ವರ್ಷ ಆಗ್ತಿರ್ಲಿಲ್ವಾ? ಅಷ್ಟರಲ್ಲಿ ಇಬ್ರೂ ಮಣ್ಣಲ್ಲಿರ್ತಿದ್ವಿ."

"ರೆಕಾರ್ಡು ಮಣ್ಣಿಗೆ ಹೋಗಲ್ವಲ್ಲ."

"ಭಾರೀ ಸತ್ಯವಂತೆ! ಕೇಕು ತಿಂದು ಹೊರಡು."

ಮರುದಿನ ಗ್ಲೆನಿಸ್ ಕಂಪನಿಗೆ ಫೋನ್ ಮಾಡಿದಳು. ಅಲ್ಲಿನ ಅಧಿಕಾರಿ ನಂಬಲಿಲ್ಲ.

"ಹಳೇ ರೆಕಾರ್ಡೇ ತಪ್ಪು ಅಂದ್ಕೊಂಡ್ವಿ ನಾವು. ಡಬ್ಬಿ ಮೇಲೆ ಏನೂ ಬರ್ದಿಲ್ವಲ್ಲ, ಮೇಡಂ?"

"ಡಬ್ಬಿ ಬಿಡಿ. ಪಿಯಾನೊ ಶ್ರುತಿ ನೋಡಿ, ನಿಮ್ಮ ರೆಕಾರ್ಡಲ್ಲಿರೋದು ಯಾವ ಪಿಯಾನೊಗೂ ಹೊಂದಲ್ಲ."

ಸಂಜೆ ಅವನೇ ಫೋನ್ ಮಾಡಿದ. "ಸರಿ, ನೀವು ಹೇಳಿದ್ದು ನಿಜ. ಆವತ್ತು ವೇಗ ನೋಡ್ಬೇಕಾಗಿದ್ದೋರು ಯಾರು?"

"ಹೊದಿಕೆ ಮೇಲೆ ಹೆಸರು ಹಾಕಿದ್ದೀರಲ್ಲ, ಅವರೇ."

ರೆಕಾರ್ಡು ನಾಲ್ಕು ತಿಂಗಳು ತಡವಾಗಿ, ಸರಿಯಾದ ವೇಗದಲ್ಲಿ ಬಂತು. ಹೊಸ ಹೊದಿಕೆಯಲ್ಲಿ ಗ್ಲೆನಿಸಳ ಹೆಸರಿರಲಿಲ್ಲ. ಮಾದರಿ ರೆಕಾರ್ಡನ್ನು ಕಂಪನಿ ವಾಪಸು ಕೇಳಿದಾಗ, ಒಲೆಗೆ ಹಾಕಿದೆ ಎಂದು ಐರ್ವೆನ್ ಬರೆದಳು. ಭಾನುವಾರ ಚರ್ಚಿನಿಂದ ಬರುವಾಗ ಐರ್ವೆನ್ ಮನೆಯ ಕಿಟಕಿಯಿಂದ ಆಲಿನ್ ಕೇಳಿಸುತ್ತಾನೆ, ಅರ್ಧ ಸ್ವರ ಮೇಲೆ. ಗ್ಲೆನಿಸ್ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾಳೆ.